ಲಿಸ್ಬನ್ ತಾಲೂಕು ಮತ್ತು ಒಂದು ಮುಂಡಾಸು

ನಮ್ಮ ಸಿನಿಮಾದಲ್ಲಿ ಪೋರ್ಚುಗೀಸರು ಸೋತಿದ್ದರು. ಹೊನ್ನಾವರದ ಅಳಿವೆಯಲ್ಲಿ ಅವರ ಹಡಗುಗಳು ಮರಳಿಗೆ ಸಿಕ್ಕಿಬಿದ್ದಿದ್ದವು. ನಮ್ಮ ಕರಾವಳಿಯ ರಾಣಿಯೊಬ್ಬಳ ದೋಣಿಪಡೆ ಅವುಗಳ ಮೇಲೆ ಕಾಳುಮೆಣಸಿನ ಪುಡಿ ತೂರಿ, ಸೀನುತ್ತಿದ್ದ ಸೈನಿಕರನ್ನು ಕಟ್ಟಿಹಾಕಿ, ಅದೇ ಹಡಗುಗಳನ್ನೇರಿ ಹೋಗಿ ಲಿಸ್ಬನ್ ನಗರವನ್ನು ಗೆದ್ದುಬಿಟ್ಟಿತ್ತು. ಗೆದ್ದ ಮೇಲೆ ಅದನ್ನೇನು ಮಾಡುವುದೆಂದು ಯಾರಿಗೂ ತೋಚದೆ ಒಂದು ತಾಲೂಕು ಮಾಡಿದರು. ಕುಮಟೆಯಿಂದ ಒಬ್ಬ ಮಾಮಲೇದಾರ, ಅಂದರೆ ತಹಶೀಲ್ದಾರ, ಹೋದ. ಅಲ್ಲಿಯ ಮೀನುಗಾರರು ಬಲೆ ಬೀಸಲು ಪರವಾನಗಿ ಬೇಡಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತರು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಎಂದು ಕಚೇರಿಯ ಶಿಪಾಯಿ ನಾಲ್ಕು ನೂರು ವರ್ಷಗಳಿಂದ ಹೇಳುತ್ತಲೇ ಇದ್ದ. ಪಾತ್ರಧಾರಿಗಳೆಲ್ಲ ಗೊಂಬೆಗಳು. ಸಿನಿಮಾದ ಹೆಸರು 'ಲಿಸ್ಬನ್ ತಾಲೂಕು'. ಒಟ್ಟು ಇಪ್ಪತ್ತು ಮಿನಿಟು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಇದನ್ನು ತೆಗೆದೆವು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಡೈರಿ ತೆಗೆದು ನೋಡಿದರೆ ಅದಕ್ಕೂ ಒಂದು ವರ್ಷ ಮುಂದಿನ ಬೇಸಿಗೆ. ತುರ್ತುಪರಿಸ್ಥಿತಿಗೆ ಹತ್ತಿರವಾದಷ್ಟೂ ನಮ್ಮ ಧೈರ್ಯ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ನನ್ನ ನೆನಪು ವರ್ಷವನ್ನು ಹಿಂದಕ್ಕೆ ಎಳೆದುಕೊಂಡಿರಬೇಕು. ಇಂಥ ನೆನಪನ್ನಿಟ್ಟುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ. ಎಲ್ಲಿ ಡೈರಿಯ ಆಧಾರವಿದೆ, ಎಲ್ಲಿ ಇಲ್ಲ ಎಂಬುದನ್ನು ಆದಷ್ಟು ಹೇಳುತ್ತೇನೆ.

ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಹೊನ್ನಾವರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಧಾರವಾಡದಲ್ಲಿ ನನ್ನ ಜೊತೆಗೆ ಓದಿದ ಭಟ್ಕಳದ ಗೆಳೆಯನೊಬ್ಬ ಕೆಲಸವಿಲ್ಲದೆ ಮನೆಯಲ್ಲಿದ್ದ. ಅವನ ಅಣ್ಣ ದುಬೈಯಿಂದ ರಜೆಗೆ ಬರುವಾಗ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸಿನಿಮಾ ಕೆಮರಾ, ಆರು ರೀಲು, ಒಂದು ಪ್ರೊಜೆಕ್ಟರ್ ತಂದಿದ್ದ. ಒಂದು ರೀಲು ಮೂರು ಮಿನಿಟು ಚಿಲ್ಲರೆ ಓಡುತ್ತದೆ. ಅದಕ್ಕೆ ಧ್ವನಿಯಿಲ್ಲ, ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಬೇರೆಯೇ ಹಾಕಬೇಕು.

"ಮದುವೆ ತೆಗೀಲಿಕ್ಕೆ ಅಂತ ತಂದದ್ದು ಅಣ್ಣ. ನಮ್ಮನೇಲಿ ಈ ವರ್ಷ ಮದುವೆ ಇಲ್ಲ. ನೀ ಎಂತಾದ್ರೂ ಕತೆ ಹೇಳು ಪ್ರೊಫೆಸರಾ," ಎಂದ ಗೆಳೆಯ. ನಾನಿನ್ನೂ ಕಾಯಂ ಆಗದ ಲೆಕ್ಚರರ್. ಅವನು ಪ್ರೊಫೆಸರಾ ಎಂದು ಕರೆಯುತ್ತಿದ್ದುದು ಕೆಣಕಲಿಕ್ಕೆ.

ಕತೆ ನನ್ನದು. ಗೊಂಬೆಯ ಯೋಚನೆ ಅವನದು. ಗೊಂಬೆಗಳಿದ್ದದ್ದು ತದಡಿಯ ಒಬ್ಬ ಅಜ್ಜನ ಹತ್ತಿರ.

ಅಜ್ಜ ದೋಣಿ ರಿಪೇರಿ ಮಾಡುವವನು. ಮಳೆಗಾಲದಲ್ಲಿ ದೋಣಿಗಳನ್ನೆಲ್ಲ ಮೇಲೆಳೆದ ಮೇಲೆ ಮನೆಗಳ ಜಗಲಿಯಲ್ಲಿ ಸೂತ್ರದ ಗೊಂಬೆ ಆಡಿಸುತ್ತಿದ್ದ. ಅವನ ಅಪ್ಪ ಕೆತ್ತಿದ ಇಪ್ಪತ್ತೋ ಇಪ್ಪತ್ತೆರಡೋ ಗೊಂಬೆಗಳು ಒಂದು ಮರದ ಪೆಟ್ಟಿಗೆಯಲ್ಲಿದ್ದವು. ನಾವು ಹೋದಾಗ ಅವನು ಮಗುಚಿ ಹಾಕಿದ ದೋಣಿಯ ಹಲಗೆಯ ಸಂದಿಗೆ ಹತ್ತಿ ತುಂಬುತ್ತಿದ್ದ. ಕೆಲಸ ನಿಲ್ಲಿಸದೆ ಕತೆಯನ್ನೆಲ್ಲ ಕೇಳಿದ.

"ಗೆದ್ದದ್ದು ನಾವೇ ಅಲ್ದಾ?" ಎಂದ.

"ಹೌದು ಅಜ್ಜ."

"ಹಂಗಾರೆ ನಗೂದೆಂತಕ್ಕೆ?"

ಗೆಳೆಯ ಹೇಳಿದ: "ಗೆದ್ದ ಮೇಲೆ ಅಲ್ಲಿಗೂ ಮಾಮಲೇದಾರನ್ನೇ ಕಳಿಸ್ತ್ರಲ ಅಜ್ಜಾ, ಅದಕ್ಕೆ."

ಅಜ್ಜ ಉಳಿ ಕೆಳಗಿಟ್ಟು ನಕ್ಕ. ಅದೇ ವಾರ ಅವನು ಯಾವುದೋ ಸರ್ಟಿಫಿಕೇಟಿಗಾಗಿ ಕುಮಟೆಯ ಕಚೇರಿಗೆ ಮೂರು ಸಲ ಹೋಗಿ ಬಂದಿದ್ದನೆಂದು ಆಮೇಲೆ ತಿಳಿಯಿತು. ಗೊಂಬೆ ಕೊಡುತ್ತೇನೆ, ಆಡಿಸಲಿಕ್ಕೂ ಬರುತ್ತೇನೆ ಎಂದ. ದುಡ್ಡು ಬೇಡವೆಂದ. ಒಂದೇ ಒಂದು ಕೇಳಿದ.

ಪೆಟ್ಟಿಗೆಯ ತಳದಿಂದ ಒಂದು ಗೊಂಬೆ ತೆಗೆದ. ಮೊಣಕಾಲೆತ್ತರದ ತಾಂಡೇಲನ ಗೊಂಬೆ. ದೋಣಿಯಲ್ಲಿ ಎಲ್ಲರಿಗೂ ಹಿರಿಯನಾಗಿ ಚುಕ್ಕಾಣಿ ಹಿಡಿಯುವವನನ್ನು ತಾಂಡೇಲ ಎನ್ನುತ್ತಾರೆ. ಬೇರೆ ಗೊಂಬೆಗಳಿಗೆ ಆರು ಸೂತ್ರವಿದ್ದರೆ ಇದಕ್ಕೆ ಹನ್ನೊಂದು. ಸಮುದ್ರಕ್ಕೆ ಹೊರಡುವ ಮೊದಲು ಈ ತಾಂಡೇಲ ಒಂದು ಕೆಂಪು ಬಟ್ಟೆಯನ್ನು ತಾನೇ ಎತ್ತಿ, ಎರಡೂ ಕೈಯಿಂದ ತಲೆಗೆ ಸುತ್ತಿ, ಮುಂಡಾಸು ಕಟ್ಟಿಕೊಳ್ಳುತ್ತಾನೆ. ಗೊಂಬೆಯಿಂದ ಇದನ್ನು ಮಾಡಿಸುವುದು ಅಜ್ಜನ ಅಪ್ಪ ಕಂಡುಹಿಡಿದ ವಿದ್ಯೆ. ಅಪ್ಪನಿಂದ ಮಗನಿಗೆ ಬಂದಿತ್ತು. ಅಜ್ಜನ ಗಂಡುಮಕ್ಕಳಿಬ್ಬರೂ ಯಾಂತ್ರಿಕ ದೋಣಿಗೆ ಹೋಗುತ್ತಿದ್ದರು. ಅವರಿಗೆ ಇದು ಬೇಡ. ಮೀನು ಮಾರುವ ಮಗಳಿಗೆ ಬೇಕು. ಗೊಂಬೆಗಳ ಬಟ್ಟೆಗಳನ್ನೆಲ್ಲ ಹೊಲಿಯುವವಳು ಅವಳೇ. ಆದರೆ ಹೆಂಗಸರು ಸೂತ್ರ ಹಿಡಿಯಬಾರದೆಂಬುದು ಅವರಲ್ಲಿ ನಡೆದು ಬಂದದ್ದು.

"ನಾ ಕಲಿಸೂಕಾಗೂದಿಲ್ಲ," ಎಂದ ಅಜ್ಜ. "ಅಪ್ಪಂಗೆ ಮಾತು ಕೊಟ್ಟದ್ದುಂಟು. ಸಿನಿಮಾ ನೋಡಿ ಅವ್ಳೇ ಕಲಿತ್ರೆ ನಾ ಎಂತ ಮಾಡೂದು? ಅದು ನಾ ಕಲಿಸ್ದಾಂಗೆ ಆತದಾ? ನೀವೇ ಹೇಳಿ ಮಾಸ್ತರ್ರೆ, ಓದ್ದವ್ರು."

"ಆಗೂದಿಲ್ಲ ಅಜ್ಜ," ಎಂದೆ.

"ಆತು. ಒಂದು ರೀಲು ನಂದು. ಬೇಗ ತೆಗೀಬೇಕು. ಬೆಳಿಗ್ಗೆ ಹೊತ್ತು ಕೈ ಅಡ್ಡಿಲ್ಲ, ಮಧ್ಯಾಹ್ನದ ಮೇಲೆ ನಡಗ್ತದೆ."

ಒಂದು ರೀಲು ಅವನದು ಎಂದು ಒಪ್ಪಿಕೊಂಡೆವು. ಇದು ಡೈರಿಯಲ್ಲಿದೆ.

ಚಿತ್ರೀಕರಣ ಸುರುವಾದ ಮೊದಲ ದಿನವೇ ನಮ್ಮ ಲೆಕ್ಕ ತಪ್ಪಿತು. ತಪ್ಪಿದ್ದು ಒಡ್ಡೋಲಗದಿಂದ. ಆಟದಲ್ಲಿ ರಾಜನೋ ಸೇನಾಪತಿಯೋ ಮೊದಲ ಸಲ ಬರುವಾಗ ಸುಮ್ಮನೆ ಬಂದು ನಿಲ್ಲುವುದಿಲ್ಲ. ಪರದೆಯ ಹಿಂದೆ ಕುಣಿದು, ಕಿರೀಟವಷ್ಟೇ ತೋರಿಸಿ, ಕಾಲಷ್ಟೇ ತೋರಿಸಿ, ನಾಲ್ಕು ದಿಕ್ಕಿಗೂ ನಮಸ್ಕಾರ ಮಾಡಿ ಆಮೇಲೆ ಎದುರಿಗೆ ಬರಬೇಕು. ಅದೇ ಒಡ್ಡೋಲಗ. ಅಜ್ಜ ಯಾವ ಗೊಂಬೆಯನ್ನೂ ಅದಿಲ್ಲದೆ ಒಳಗೆ ತರಲೊಪ್ಪಲಿಲ್ಲ. ರಾಣಿಗೆ ಒಡ್ಡೋಲಗವಾಯಿತು. ಅವಳ ಸೇನಾಪತಿಗಾಯಿತು. ಕುಮಟೆಯ ಮಾಮಲೇದಾರನಿಗೂ ಆಯಿತು. ಫೈಲು ಕಂಕುಳಲ್ಲಿಟ್ಟುಕೊಂಡು ಅವನು ನಾಲ್ಕು ದಿಕ್ಕಿಗೆ ನಮಸ್ಕಾರ ಮಾಡುವುದನ್ನು ನೋಡಿ ಗೆಳೆಯ ಕೆಮರಾ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ, ಆ ಭಾಗ ಇಡೀ ಅಲುಗಾಡಿದೆ. ಪೋರ್ಚುಗೀಸರ ಕಪ್ತಾನನ ಸರದಿ ಬಂದಾಗ ನಾನು ತಡೆಯಲು ನೋಡಿದೆ.

"ಅಜ್ಜ, ಇವನು ವೈರಿ. ಸೋಲುವವನು. ಇವನಿಗೆ ಬೇಡ."

"ಸೋಲೂವವ್ನಿಗೆ ಇನ್ನೂ ಚಂದ ಮಾಡ್ಬೇಕು ಮಾಸ್ತರ್ರೆ. ಅವ ಸಣ್ಣವಾದ್ರೆ ಇವ್ರು ಗೆದ್ದದ್ದೆಂತ?"

ಐದು ರೀಲುಗಳಲ್ಲಿ ಮೂರಕ್ಕೂ ಹೆಚ್ಚು ಭಾಗ ಬರೀ ಪ್ರವೇಶಗಳು. ಅದು ಕೆಟ್ಟದಾಗಲಿಲ್ಲ. ಎರಡು ಸೈನ್ಯಗಳು ಇಡೀ ಯುದ್ಧವನ್ನು ಒಳಗೆ ಬರುವುದರಲ್ಲೇ ಕಳೆಯುತ್ತವೆ ಎಂಬುದು ನಾನು ಬರೆದ ಯಾವ ಮಾತಿಗಿಂತಲೂ ಒಳ್ಳೆಯ ಹಾಸ್ಯವಾಗಿತ್ತು. ಜನ ಕೊನೆಗೆ ನಕ್ಕದ್ದೂ ಅದಕ್ಕೇ. ಅಜ್ಜನ ಪಾಲನ್ನು ನನ್ನ ಜಾಣತನವೆಂದು ಎಷ್ಟು ಜನರೆದುರು ಹೇಳಿಕೊಂಡಿದ್ದೇನೋ!

ಐದು ರೀಲುಗಳನ್ನು ತೊಳೆಯಲು ಬೊಂಬಾಯಿಗೆ ಕಳಿಸಿ, ಮರಳಿ ಬಂದಾಗ ಪ್ರೊಜೆಕ್ಟರಿನಲ್ಲಿ ಹಾಕಿ ನೋಡಿದೆವು. ಕಪ್ತಾನ ಶರಣಾಗುವ ಮುಖ್ಯ ದೃಶ್ಯದಲ್ಲಿ ಹಡಗನ್ನು ಅಡಿಯಿಂದ ಹಿಡಿದಿದ್ದ ನನ್ನ ಕೈ ಪೂರ್ತಿ ಕಾಣುತ್ತಿತ್ತು, ಕೈಗಡಿಯಾರದ ಸಮೇತ.

"ಪೋರ್ಚುಗೀಸ್ರು ಗಂಟೆ ಹತ್ತೂವರೆಗೆ ಶರಣಾದ್ರು ನೋಡು," ಎಂದ ಗೆಳೆಯ.

ಆ ದೃಶ್ಯವಿಲ್ಲದೆ ಸಿನಿಮಾ ಇಲ್ಲ. ಉಳಿದದ್ದು ಆರನೆಯ ರೀಲು, ಅಜ್ಜನದು. ಅರ್ಧ ಮಿನಿಟು ನಮಗೆ ತೆಗೆದುಕೊಂಡು ಉಳಿದದ್ದನ್ನು ಅವನಿಗೆ ಕೊಡುವುದೆಂದು ಮಾತಾಡಿಕೊಂಡು ಮೇ ತಿಂಗಳ ಕೊನೆಯ ಒಂದು ಬೆಳಿಗ್ಗೆ ಮಿರ್ಜಾನಕ್ಕೆ ಹೋದೆವು. ಅಲ್ಲಿಯ ಕೋಟೆಯ ಗೋಡೆಯೆದುರು ತೆಗೆಯುವುದೆಂದಿತ್ತು. ಅಜ್ಜ ಪೆಟ್ಟಿಗೆಯನ್ನು ದೋಣಿಗೆ ಹಾಕಿಕೊಂಡು ಹೊಳೆಯ ಮೇಲೆ ಬಂದ, ಮಗಳನ್ನೂ ಕರೆತಂದಿದ್ದ. ತಾಂಡೇಲನನ್ನು ತೆಗೆಯುವ ದಿನವೆಂದು ಎರಡು ದಿನದಿಂದ ಮೀನು ಮುಟ್ಟಿರಲಿಲ್ಲ.

"ಮೀನು ಮಾರೂವವ್ಳ ಮನೇಲಿ ಎರಡು ದಿನ ಬದನೆಕಾಯಿ," ಎಂದಳು ಮಗಳು. "ನಿಮ್ಮ ಸಿನಿಮಾ ದೆಸೆಂದ."

ಮೊದಲು ಶರಣಾಗತಿ. ಗೆಳೆಯ ಕೆಮರಾ ಓಡಿಸಿದ. ಅಜ್ಜ ಕಪ್ತಾನನನ್ನು ಪರದೆಯ ಹಿಂದೆ ನಿಲ್ಲಿಸಿ ಒಡ್ಡೋಲಗ ಸುರು ಮಾಡಿದ.

"ಅಜ್ಜ, ಅವನು ಮೊನ್ನೆಯೇ ಬಂದಾಗಿದೆ!" ಎಂದೆ.

"ಮೊನ್ನೆ ಬಂದದ್ದು ಮೊನ್ನೆಗೆ ಆತು. ಇವತ್ತು ಬರೂದು ಬ್ಯಾಡ್ವಾ?"

ಆಗ ಕೆಮರಾ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಗೊಂಬೆಯ ಲಯ ತಪ್ಪುತ್ತದೆ, ಬೆಳಕು ಬದಲಾಗುತ್ತದೆ ಎಂದುಕೊಂಡೆವು. ಗಾಳಿಗೆ ಹಡಗು ಎರಡು ಸಲ ಬಿತ್ತು. ಎರಡು ಸಲ ಎತ್ತಿ ನಿಲ್ಲಿಸಿದೆವು. ಕಪ್ತಾನ ಕೊನೆಗೆ ಮಂಡಿಯೂರಿದಾಗ ಕೆಮರಾದೊಳಗಿಂದ ಟಿಕ್ಕೆಂದು ಸದ್ದಾಯಿತು. ರೀಲು ಮುಗಿದಿತ್ತು.

ಅಜ್ಜನಿಗೆ ಆ ಸದ್ದಿನ ಅರ್ಥ ಗೊತ್ತಿರಲಿಲ್ಲ. ಅವನು ಹೊಳೆಗೆ ಹೋಗಿ ಕೈಕಾಲು ತೊಳೆದು ಬಂದು, ಪೆಟ್ಟಿಗೆಗೆ ಒಂದು ತೆಂಗಿನಕಾಯಿ ಒಡೆದು, ತಾಂಡೇಲನನ್ನು ತೆಗೆದ. ಅಷ್ಟರಲ್ಲಿ ನಾವಿಬ್ಬರು ಗೋಡೆಯ ಪಕ್ಕದಲ್ಲಿ ನಿಂತು ಪಿಸುಮಾತಾಡಿದೆವು. ಇನ್ನೊಂದು ರೀಲು ಬರಬೇಕಾದರೆ ಗೆಳೆಯನ ಅಣ್ಣ ಮತ್ತೆ ರಜೆಗೆ ಬರಬೇಕು, ಅಂದರೆ ಮುಂದಿನ ವರ್ಷ. ಇವತ್ತು ಹೇಳಿದರೆ ಅಜ್ಜನಿಗೆ ಬೇಜಾರಾಗುತ್ತದೆ. ಮುಂದಿನ ವರ್ಷ ಏನಾದರೂ ನೆಪ ಹೇಳಿ ಮತ್ತೊಮ್ಮೆ ತೆಗೆದರಾಯಿತು. ಆಗ ಇಬ್ಬರಲ್ಲೊಬ್ಬ "ಸುಮ್ನೆ ಓಡ್ಸುವ" ಎಂದದ್ದು ನಿಜ. ನನ್ನ ಕಿವಿಯಲ್ಲಿ ಇವತ್ತಿಗೂ ಅದು ಗೆಳೆಯನ ಧ್ವನಿ.

ಅಜ್ಜ ಬಂದು ನಿಂತು ಹೇಳಿದ: "ಪರದೆ ತೆಗೀರಿ."

ನಮಗೆ ಅರ್ಥವಾಗಲಿಲ್ಲ. ಗೊಂಬೆ ಆಡಿಸುವವನು ಪರದೆಯ ಹಿಂದೆಯೇ ನಿಲ್ಲುವವನು. ಜನ ಅವನ ಕೈ ನೋಡಬಾರದು.

"ಇವತ್ತು ಗೊಂಬೆ ಬ್ಯಾಡ ಸಾಹೇಬ್ರೆ," ಎಂದು ಗೆಳೆಯನಿಗೆ ಹೇಳಿದ. "ಕೈ ತೆಗೀರಿ. ಬೆರಳು ಎಲ್ಲ ಬರ್ಬೇಕು."

ಪರದೆ ಇಳಿಸಿದೆವು. ಜೀವಮಾನವಿಡೀ ಮುಚ್ಚಿಟ್ಟ ಕೈಗಳನ್ನು ಬಿಸಿಲಿಗೆ ಹಿಡಿದು ಅಜ್ಜ ಹನ್ನೊಂದು ಸೂತ್ರ ಬೆರಳಿಗೆ ಸಿಕ್ಕಿಸಿಕೊಂಡ. ಒಳಗೆ ರೀಲು ಮುಗಿದಿದ್ದರೂ ಕೆಮರಾ ಅದೇ ಸದ್ದು ಮಾಡಿಕೊಂಡು ತಿರುಗುತ್ತದೆ. ಗೆಳೆಯ ಕಣ್ಣಿಗೆ ಹಿಡಿದು ಒತ್ತಿದ. ತಾಂಡೇಲ ಮುಂಡಾಸು ಕಟ್ಟಿಕೊಂಡ. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಇನ್ನೂ ನಿಧಾನ, ಮಗಳಿಗೆ ತಿಳಿಯಲೆಂದು. ಮುಗಿದಾಗ ಅಜ್ಜನ ಅಂಗಿ ಬೆನ್ನಿಗೆ ಅಂಟಿತ್ತು.

"ಬಂತಾ?" ಎಂದ.

"ಬಂತು ಅಜ್ಜ," ಎಂದವನು ನಾನು. ಇದರಲ್ಲಿ ನನಗೆ ಅನುಮಾನವಿಲ್ಲ. ಆ ದಿನದ ಡೈರಿಯಲ್ಲಿ ಇರುವುದು ಮಾತ್ರ ಇಷ್ಟೇ: 'ಮಿರ್ಜಾನ. ವಿಪರೀತ ಗಾಳಿ. ಯುದ್ಧ ಮುಗಿಯಿತು.'

ಮಳೆ ಹಿಡಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ತದಡಿಯ ಶಾಲೆಯ ಕೋಣೆಯಲ್ಲಿ ಕಿಟಕಿಗಳಿಗೆ ಗೋಣಿ ಕಟ್ಟಿ ಸಿನಿಮಾ ತೋರಿಸಿದೆವು. ಮಾಮಲೇದಾರನ ಒಡ್ಡೋಲಗಕ್ಕೆ ಜನ ಬೆಂಚು ಬಡಿದರು. ನಾಳೆ ಬನ್ನಿ ಎಂಬ ಶಿಪಾಯಿಯ ಮಾತನ್ನು ಕೋಣೆಯೆಲ್ಲ ಒಟ್ಟಿಗೆ ಹೇಳಲು ಸುರು ಮಾಡಿತು. ಅಜ್ಜ ಮುಂದಿನ ಬೆಂಚಿನಲ್ಲಿ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಮಗಳು. ಸಿನಿಮಾ ಮುಗಿದು ಗೋಣಿ ಬಿಚ್ಚಿದರೂ ಇಬ್ಬರೂ ಏಳಲಿಲ್ಲ.

"ನಂದು?" ಎಂದು ಕೇಳಿದ.

"ಅದು ಬೇರೆ ರೀಲು ಅಜ್ಜ. ಬೊಂಬಾಯಿಂದ ಇನ್ನೂ ಬಂದಿಲ್ಲ."

"ಹೌದಾ. ಬರ್ಲಿ, ಬರ್ಲಿ. ಅಷ್ಟು ದೂರಂದ ಬರ್ಬೇಕು," ಎಂದು ನನ್ನನ್ನೇ ಸಮಾಧಾನ ಮಾಡಿದ.

ಮುಂದಿನ ವರ್ಷ ಅಣ್ಣ ಬರಲಿಲ್ಲ. ಅವನ ಬದಲು ಗೆಳೆಯನನ್ನೇ ದುಬೈಗೆ ಕರೆಸಿಕೊಂಡ. ಕೆಮರಾವೂ ಅವನ ಜೊತೆ ಹೋಯಿತು. ಕುಮಟೆಯ ಮೀನುಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅಜ್ಜ ಸಿಕ್ಕಿದಾಗಲೆಲ್ಲ "ಬಂತಾ ಮಾಸ್ತರ್ರೆ?" ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎನ್ನುತ್ತಿದ್ದೆ. ಎರಡು ವರ್ಷವೋ ಮೂರು ವರ್ಷವೋ ಹೀಗೆ ನಡೆಯಿತು. ಆಮೇಲೆ ಅವನು ಕೇಳುವುದನ್ನು ಬಿಟ್ಟ. ಕೊನೆಯ ಸಲ ಸಿಕ್ಕಿದಾಗ ಚಹಾದ ಗ್ಲಾಸನ್ನು ಎರಡೂ ಕೈಯಿಂದ ಹಿಡಿದರೂ ತುಳುಕುತ್ತಿತ್ತು. ಕಾಲೇಜು ಹೇಗಿದೆ, ಮಳೆ ಹೇಗಿದೆ ಎಂದಷ್ಟೇ ಮಾತಾಡಿದ. ಅವನಿಗೆ ಗೊತ್ತಾಗಿತ್ತೇ? ಗೊತ್ತಾಗಿರಲಿ ಎಂದು ಕೆಲವೊಮ್ಮೆ ಅನಿಸುತ್ತದೆ, ಗೊತ್ತಾಗದಿರಲಿ ಎಂದು ಇನ್ನು ಕೆಲವೊಮ್ಮೆ. ಅವನು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳ ಮೇಲೆ.

ಆಗ ಗೆಳೆಯನಿಗೆ ಕಾಗದ ಬರೆದೆ. ನೀನು ಅವತ್ತು ಖಾಲಿ ಕೆಮರಾ ಓಡಿಸೋಣ ಎನ್ನಬಾರದಿತ್ತು ಎಂದು ಅದರಲ್ಲಿ ಒಂದು ಸಾಲು ಬರೆದಿದ್ದೆ. ಅವನ ಉತ್ತರ ಬಂತು. ಅಜ್ಜನ ಬಗ್ಗೆ ಒಂದು ಪುಟ ಬರೆದು ಕೊನೆಗೆ, 'ಓಡಿಸುವ ಅಂದದ್ದು ನೀನು. ನಾನು ಬೇಡ ಅಂದಿದ್ದೆ. ಅಜ್ಜನಿಗೆ ನಾನೇ ಹೇಳುತ್ತೇನೆ ಅಂದಾಗ ನೀನು ನನ್ನ ಕೈ ಹಿಡಿದೆ. ಹೋಗಲಿ ಬಿಡು' ಎಂದಿದ್ದ. ಕೈ ಹಿಡಿದದ್ದು ನನಗೆ ನೆನಪಿಲ್ಲ. ಆದರೆ ಸುಳ್ಳು ಕಟ್ಟುವವನು ಇಷ್ಟು ಸಣ್ಣ ವಿವರವನ್ನು ಕಟ್ಟುವುದಿಲ್ಲ. ನನ್ನ ಕಿವಿಯಲ್ಲಿರುವ ಧ್ವನಿಗಿಂತ ಅವನ ಕಾಗದವನ್ನು ನಂಬುತ್ತೇನೆ.

ಅದಾಗಿ ಎರಡನೆಯ ಮಳೆಗಾಲಕ್ಕೆ ಮೊದಲು ಅಜ್ಜನ ಮಗಳು ಹೊನ್ನಾವರದ ನಮ್ಮ ಮನೆಗೆ ಬಂದಳು. ಮೀನಿನ ಬುಟ್ಟಿ ಹೊರಗಿಟ್ಟು, ಟವೆಲ್ಲಿನಲ್ಲಿ ಸುತ್ತಿದ ತಾಂಡೇಲನನ್ನು ಜಗಲಿಯ ಮೇಲಿಟ್ಟಳು. ಸೂತ್ರಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು.

"ಮಾಸ್ತರ್ರೆ, ಹಳೇ ರೀಲನ್ನು ವಿಡಿಯೋ ಕ್ಯಾಸೆಟ್ಟಿಗೆ ಹಾಕಿ ಕೊಡ್ತ್ರಂತಲ ಈಗ. ನಮ್ಮ ಪಕ್ಕದ ಮನೇಲಿ ಟಿವಿ ಬಂತು. ಅಪ್ಪಂದು ಹಾಕ್ಸಿಕೊಡಿ, ನಾ ಕಲೀತೆ. ಅಪ್ಪ ಸಾಯೂವರೆಗೂ ಅದನ್ನೇ ಹೇಳ್ದ. ಕಲಿಸು ಅಂದ್ರೆ, ಸಿನಿಮಾದಲ್ಲಿ ಉಂಟಲೇ ಎಲ್ಲಾ, ಮಾಸ್ತರ್ರು ತರ್ತ್ರು ಅಂತಿದ್ದ."

ಆ ದಿನ ಅವಳಿಗೆ ಎಲ್ಲವನ್ನೂ ಹೇಳಿದೆ. ರೀಲು ಮುಗಿದದ್ದು, ಟಿಕ್ಕೆಂದ ಸದ್ದು, ಖಾಲಿ ಕೆಮರಾ, ಶಾಲೆಯಲ್ಲಿ ಹೇಳಿದ ಸುಳ್ಳು. ಓಡಿಸು ಎಂದದ್ದು ನಾನು ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಗೊಂಬೆಯ ಕಾಲಿನ ಬಟ್ಟೆ ಸರಿ ಮಾಡಿದಳು.

"ನಾನೂ ಅಲ್ಲೇ ನಿಂತಿದ್ನಲ," ಎಂದಳು. "ಮಾರು ದೂರದಲ್ಲಿ. ಅಪ್ಪ ಎರಡು ಸಲ ಮಾಡ್ದ. ನಾ ಕೈ ನೋಡ್ಲೇ ಇಲ್ಲ ಮಾಸ್ತರ್ರೆ, ನಿಮ್ಮ ಕೆಮರಾ ನೋಡ್ತಾ ನಿಂತೆ. ಅದ್ರಲ್ಲಿ ಬತ್ತದಲ, ಆಮೇಲೆ ನಿಧಾನ ನೋಡುವ ಅಂತ."

ಮತ್ತೆ ಕೇಳಿದಳು: "ನೀವು ನೋಡೀರಲ. ಹೇಳಿ. ಮೊದ್ಲು ಅಪ್ಪ ಯಾವ ಕೈ ಎತ್ತಿದ? ಎಡದ್ದಾ, ಬಲದ್ದಾ? ಅದೊಂದು ಸಿಕ್ರೆ ಉಳ್ದದ್ದು ನಾ ಹೆಂಗಾರೂ ಮಾಡ್ಕಂತೆ."

ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಕೆಂಪು ಬಟ್ಟೆ ನೆನಪಾಯಿತು, ಬೆನ್ನಿಗೆ ಅಂಟಿದ ಅಂಗಿ, ಕೆಮರಾದ ಸದ್ದು. ಅಜ್ಜನ ಮುಖ ಅಚ್ಚೊತ್ತಿದ ಹಾಗಿದೆ. ಅವನಿಗೆ ಅನುಮಾನ ಬಂತೇನೋ ಎಂದು ನಾನು ಆ ಹೊತ್ತೆಲ್ಲ ನೋಡುತ್ತಿದ್ದುದು ಮುಖವನ್ನೇ. ಕೈಗಳಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

"ಎಡಗೈ," ಎಂದೆ.

ಯಾಕೆ ಹೇಳಿದೆನೋ. ಅವಳು ಬರಿಗೈಯಲ್ಲಿ ಹೋಗದಿರಲಿ ಎಂದಿರಬಹುದು. ಗೊತ್ತಿಲ್ಲ ಎಂದು ಅವಳೆದುರು ಹೇಳಲಾರದೆಯೂ ಇರಬಹುದು. ಮೇಷ್ಟ್ರಗಿರಿಯ ಹತ್ತು ವರ್ಷಗಳಲ್ಲಿ ಬಂದ ಗಟ್ಟಿ ಧ್ವನಿಯಲ್ಲಿ ಹೇಳಿದೆ. "ಎಡಗೈಯೇ?" ಎಂದು ಮತ್ತೊಮ್ಮೆ ಕೇಳಿದಳು. ಹೌದು ಎಂದೆ. ಅವಳ ಮುಖ ಅರಳಿತು. ತಾಂಡೇಲನನ್ನು ಟವೆಲ್ಲಿನಲ್ಲಿ ಸುತ್ತಿ, ಬುಟ್ಟಿಯ ಮೇಲೆ ಇಟ್ಟುಕೊಂಡು ಹೋದಳು.

ಮಳೆಗಾಲ ಕಳೆದ ಮೇಲೆ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ದೂರದಿಂದಲೇ ನನ್ನನ್ನು ಕಂಡು, ಬುಟ್ಟಿ ಇಳಿಸಿ ಹತ್ತಿರ ಬಂದಳು. ಬೆರಳುಗಳಲ್ಲಿ ಸೂತ್ರ ಕೊಯ್ದ ಸಣ್ಣ ಗೀರುಗಳಿದ್ದವು.

"ದಿನಾ ಕೂತೆ ಮಾಸ್ತರ್ರೆ. ಎಡಗೈಯಿಂದ ಸುರು ಮಾಡಿದ್ರೆ ಬಟ್ಟೆ ಹೋಗಿ ಕುತ್ತಿಗೆಗೆ ಸುತ್ತಿಕಂತದೆ. ಬಲಗೈಯಿಂದ ನೋಡುವ ಅಂತ ಒಂದ್ಸಲ ಅನ್ಸ್ತು. ಮಾಡ್ಲಿಲ್ಲ. ನೀವು ಕಣ್ಣಾರೆ ನೋಡ್ದವ್ರು, ಹಂಗೇ ಇರ್ಬೇಕು. ನಂದೇ ಎಂತದೋ ತಪ್ಪು."

ಹೊನ್ನಾವರದ ಬಸ್ಸು ಬಂದು ನಿಂತಿತ್ತು, ಜನ ಹತ್ತುತ್ತಿದ್ದರು. ಅದು ಹೊರಡಲು ಇನ್ನೂ ಹತ್ತು ಮಿನಿಟು ಇತ್ತೆಂದು ನನಗೆ ಗೊತ್ತಿತ್ತು.

"ಇನ್ನೊಂದ್ಸಲ ನೋಡು ತಂಗಿ, ಬತ್ತದೆ," ಎಂದು ಹೇಳಿ ಹತ್ತಿ ಕೂತೆ.